ಬನವಾಸಿ ರಸ್ತೆಯ ಕಾಡಿನ ಪಾಠಶಾಲೆ

ಶಿರಸಿಗೆ ಬರುವ ಪ್ರವಾಸಿಗರ ದಾರಿ ಬಹುಮಟ್ಟಿಗೆ ಒಂದೇ. ಮಾರಿಕಾಂಬೆಗೆ ಕೈಮುಗಿಯುವುದು, ಶಾಲ್ಮಲೆಯ ಬಂಡೆಗಳ ಮೇಲಿನ ಸಹಸ್ರಲಿಂಗ ನೋಡುವುದು, ಕಾಲಿನಲ್ಲಿ ಕಸುವಿದ್ದರೆ ಯಾಣ, ಇತಿಹಾಸದ ಒಲವಿದ್ದರೆ ಬನವಾಸಿ. ಆ ಬನವಾಸಿ ರಸ್ತೆಯಲ್ಲೇ ಇರುವ ಅರಣ್ಯ ಮಹಾವಿದ್ಯಾಲಯದ ಮುಂದೆ ಬಸ್ಸು ನಿಂತಾಗ ಪ್ರವಾಸಿಗರು ಯಾರೂ ಇಳಿಯುವುದಿಲ್ಲ. ಬೆನ್ನಿಗೆ ಚೀಲ, ಕಾಲಿಗೆ ಕೆಂಪು ಮಣ್ಣು ಮೆತ್ತಿದ ಬೂಟು ಹಾಕಿದ ಹುಡುಗ ಹುಡುಗಿಯರು ಮಾತ್ರ ಇಳಿಯುತ್ತಾರೆ. ನಾಳೆ ನಮ್ಮ ಕಾಡುಗಳ ರೇಂಜರ್ ಆಗುವವರಲ್ಲಿ ಹಲವರು ತಯಾರಾಗುವುದು ಇಲ್ಲಿ.

ಕಾಲೇಜು ಶುರುವಾದದ್ದು 1985ರಲ್ಲಿ. ಈಗ ಇದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹತ್ತು ವರ್ಷಗಳ ನಂತರ, 1995ರಲ್ಲಿ, ಕೊಡಗಿನ ಪೊನ್ನಂಪೇಟೆಯಲ್ಲಿ ಇದಕ್ಕೊಬ್ಬ ತಮ್ಮ ಹುಟ್ಟಿದ. ಅರಣ್ಯಶಾಸ್ತ್ರದ ಪದವಿ ಕಲಿಸಲು ಶಿರಸಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಉತ್ತರ ಕನ್ನಡ ಜಿಲ್ಲೆಯ ಶೇಕಡಾ 80ರಷ್ಟು ನೆಲ ಅರಣ್ಯದ ಲೆಕ್ಕದಲ್ಲಿದೆ. ಕೆನರಾ ಅರಣ್ಯ ವೃತ್ತದ ಕಚೇರಿ ಇರುವುದೂ ಇದೇ ಊರಿನಲ್ಲಿ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕಾಲೇಜು ಹುಟ್ಟುವ ಎರಡು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಿನ ಜನ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತಿದ್ದರು. ಹಿಮಾಲಯದ ಚಿಪ್ಕೋ ಇಲ್ಲಿ ‘ಅಪ್ಪಿಕೋ’ ಆಯಿತು. ಮರವನ್ನು ಅಪ್ಪಿದವರ ಎದುರಿಗೆ ನಿಂತಿದ್ದವರು ಬೇರೆ ಯಾರೂ ಅಲ್ಲ, ಇಲಾಖೆಯ ಸಿಬ್ಬಂದಿ ಮತ್ತು ಗುತ್ತಿಗೆದಾರರ ಆಳುಗಳು. ಅಂಥ ಊರಿನಲ್ಲಿ ರೇಂಜರ್ ಆಗಲು ಕಲಿಯುವುದೆಂದರೆ ಅದು ಬರೀ ಮರಗಳ ಪಾಠವಾಗಲಾರದು.

ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷ ಒಂದು ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿಗಳು ಕ್ಲಾಸಿನ ಹೊರಗಿರುತ್ತಾರೆ. ಕಾಗದದ ಮೇಲೆ ಇದರ ಹೆಸರು ಅರಣ್ಯ ಕಾರ್ಯಾನುಭವ. ಇದರಲ್ಲಿ ಹಲವು ಭಾಗಗಳಿವೆ. ಇಲಾಖೆಯ ರೇಂಜ್ ಕಚೇರಿಯಲ್ಲಿ ಕೆಲವು ವಾರ, ಕಾರ್ಯಯೋಜನೆ ಬರೆಯುವ ಅಭ್ಯಾಸಕ್ಕೆ ಕೆಲವು ದಿನ, ಮರ ಬಳಸುವ ಕಾರ್ಖಾನೆಯಲ್ಲಿ ಕೆಲವು ದಿನ, ಹಳ್ಳಿಯಲ್ಲಿ ಜನರ ಜೊತೆ ಕೆಲವು ವಾರ. ಕಾಲೇಜಿಗೆ ವಾಪಸಾದ ಮೇಲೆ ವರದಿ ಬರೆದು ಒಪ್ಪಿಸಬೇಕು. ಊರಿನ ಮಂದಿಗೆ ಇವರು ‘ಫಾರೆಸ್ಟ್ ಕಾಲೇಜಿನ ಮಕ್ಕಳು’.

ರೇಂಜ್ ಕಚೇರಿಯ ಮೊದಲ ಪಾಠ ಕಾಗದದ್ದು. ಹೊರಗಿನವರಿಗೆ ರೇಂಜರ್ ಎಂದರೆ ಖಾಕಿ, ಜೀಪು, ಕಾಡು. ಒಳಗೆ ಹೋದರೆ ರಿಜಿಸ್ಟರುಗಳ ಬೆಟ್ಟವೇ ಇದೆ. ಕದ್ದು ಕಡಿದ ಮರ ಸಿಕ್ಕರೆ ಅರಣ್ಯ ಮೊಕದ್ದಮೆ ದಾಖಲಾಗಬೇಕು, ಮಹಜರು ಆಗಬೇಕು, ಸಾಕ್ಷಿಗಳ ಸಹಿ ಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಯಾವ ಸೆಕ್ಷನ್, 1972ರ ವನ್ಯಜೀವಿ ಕಾಯ್ದೆಯ ಯಾವ ಪಟ್ಟಿ ಎಂದು ತಪ್ಪಿಲ್ಲದೆ ಬರೆಯಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ. ಡಿಪೋದಲ್ಲಿ ತುಂಡುಗಳನ್ನು ಅಳೆದು, ಸುತ್ತಿಗೆಯ ಮುದ್ರೆ ಒತ್ತಿ, ಘನ ಮೀಟರಿನ ಲೆಕ್ಕ ಬರೆಯುವುದನ್ನು ವಿದ್ಯಾರ್ಥಿಗಳು ನಿಂತು ನೋಡುತ್ತಾರೆ. ರಹದಾರಿ ಇಲ್ಲದೆ ಮರ ಸಾಗಿಸುವಂತಿಲ್ಲ.

ಎರಡನೇ ಪಾಠ ಕಾಲಿನದು. ರೇಂಜಿನ ಕೆಳಗೆ ಸೆಕ್ಷನ್, ಸೆಕ್ಷನ್ನಿನ ಕೆಳಗೆ ಬೀಟು. ಬೀಟಿಗೊಬ್ಬ ಗಾರ್ಡು. ವಿದ್ಯಾರ್ಥಿಗಳ ನಿಜವಾದ ಮೇಷ್ಟರು ಈ ಗಾರ್ಡುಗಳು ಮತ್ತು ವಾಚರುಗಳು. ನಾನು ಜೊತೆಗೆ ನಡೆದ ದಿನ ನಾಲ್ವರು ವಿದ್ಯಾರ್ಥಿಗಳಿದ್ದರು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಮರದ ಸುತ್ತಳತೆ ತೆಗೆಯುತ್ತಿದ್ದರು. ಒಬ್ಬಳು ಕೂಗುವುದು, ಇನ್ನೊಬ್ಬ ಬರೆಯುವುದು: ಮತ್ತಿ, ಹೊನ್ನೆ, ನಂದಿ, ಮತ್ತೆ ಮತ್ತಿ. ಎಲೆ ಉದುರಿ ನಿಂತಿದ್ದ ಒಂದು ಮರದ ಮುಂದೆ ಎಲ್ಲರೂ ತಡವರಿಸಿದರು. ವಾಚರು ಕತ್ತಿಯ ತುದಿಯಿಂದ ತೊಗಟೆಯನ್ನು ಒಂದಿಷ್ಟು ಕೆರೆದು ಮೂಸಿ ನೋಡಲು ಹೇಳಿ, ಹೆಸರು ಹೇಳಿದರು. ಅವರು ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆಯವರೆಗೆ. ವಿದ್ಯಾರ್ಥಿಗಳಿಗೆ ಆ ಮರದ ಶಾಸ್ತ್ರೀಯ ಹೆಸರು, ಕುಟುಂಬ ಎಲ್ಲ ಗೊತ್ತಿತ್ತು. ಮರ ಮಾತ್ರ ಗೊತ್ತಿರಲಿಲ್ಲ. ಎರಡೂ ಸೇರಿದ್ದು ಆ ತೊಗಟೆಯ ವಾಸನೆಯಲ್ಲಿ.

ಆ ನಾಲ್ವರಲ್ಲಿ ಒಬ್ಬಾಕೆ ಬಾಗಲಕೋಟೆ ಕಡೆಯವಳು. ‘ನಮ್ಮ ಕಡೆ ಗಿಡಾ ಅಂದ್ರ ಬೇವು, ಬನ್ನಿ, ಜಾಲಿ ಅಷ್ಟರೀ. ಇಲ್ಲಿ ಬಂದ ಮೊದಲ ವರ್ಷ ಎಲ್ಲಾ ಹಸರ ಒಂದ ಥರಾ ಕಾಣ್ತಿತ್ತು’ ಎಂದು ನಕ್ಕಳು. ಬಯಲುಸೀಮೆಯ ಮಕ್ಕಳು ಇಲ್ಲಿ ಹೀಗೆ ಕಾಡು ಓದುತ್ತಾರೆ, ಮಲೆನಾಡಿನ ಮಕ್ಕಳು ತಾವು ಹುಟ್ಟಿದಂದಿನಿಂದ ಕಂಡ ಕಾಡನ್ನು ಮೊದಲ ಬಾರಿಗೆ ಅಳೆಯುತ್ತಾರೆ.

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಜೋಗದ ಕಡೆ ತಿರುಗಿ, ಹೊನ್ನಾವರಕ್ಕೆ ಘಟ್ಟ ಇಳಿಯುವ ರಸ್ತೆ ಹಿಡಿದರೆ ಕತ್ತಲೆಕಾನು ಸಿಗುತ್ತದೆ. ಹೆಸರೇ ಹೇಳುವಂತೆ ನಡುಮಧ್ಯಾಹ್ನವೂ ಮಬ್ಬು. ಇಲ್ಲಿನ ವಿಶೇಷ ಕಾಡಿನೊಳಗಿನ ಜೌಗು. ಜನ ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಸದಾ ನೀರು ನಿಲ್ಲುವ ಕೆಸರಿನಲ್ಲಿ ಉಸಿರಾಡಲು ಈ ಮರಗಳ ಬೇರು ಮೇಲೆದ್ದು, ಮಂಡಿಯಂತೆ ಬಾಗಿ, ಮತ್ತೆ ನೆಲ ಸೇರುತ್ತದೆ. ಮೇಲೆ ಸಿಂಗಳೀಕದ ಗುಂಪು. ಈ ಜೌಗಿನಲ್ಲಿ ಕಂಡ ಒಂದು ಮರವನ್ನು ವಿಜ್ಞಾನ ಹೊಸ ಪ್ರಭೇದವೆಂದು ಗುರುತಿಸಿ ಹೆಸರಿಟ್ಟದ್ದು 2000ದಲ್ಲಿ. ಊರಿನ ಹೆಸರೇ ಮರದ ಹೆಸರಾಯಿತು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಇಂಥ ಜೌಗಿನ ಮರಗಳ ಬೀಜದ ಕಥೆ ವಿಚಿತ್ರ. ಜೋಳ, ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿ ತುಂಬಿಡುವಂತಿಲ್ಲ. ಒಣಗಿದರೆ ಸತ್ತಂತೆಯೇ. ಬಿದ್ದ ಹಣ್ಣನ್ನು ಹಸಿಯಾಗಿರುವಾಗಲೇ ಆರಿಸಿ ತಂದು ಬಿತ್ತಬೇಕು. ಶಿರಸಿಯ ಅರಣ್ಯ ಕಾಲೇಜಿನವರು ಇಂಥ ಅಪರೂಪದ ಮರಗಳ ಸಸಿ ಬೆಳೆಸಿ ಕಾಡಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ನರ್ಸರಿಯ ಒಂದು ಸಾಲು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದು ಪ್ರಭೇದದ ಭವಿಷ್ಯವಿರಬಹುದು ಎಂಬುದು ವಿದ್ಯಾರ್ಥಿಗೆ ಪುಸ್ತಕದಿಂದ ತಿಳಿಯುವುದೇ ಬೇರೆ, ದಿನಾ ಅದಕ್ಕೆ ನೀರು ಹನಿಸಿ ತಿಳಿಯುವುದೇ ಬೇರೆ.

ರೇಂಜಿನ ವಾರಗಳು ಎಷ್ಟು ಮುಖ್ಯವೋ ಹಳ್ಳಿಯ ವಾರಗಳು ಅದಕ್ಕಿಂತ ಒಂದು ತೂಕ ಹೆಚ್ಚು ಎನ್ನಬೇಕು. ಇಲ್ಲಿ ವಿದ್ಯಾರ್ಥಿಗಳು ಮನೆ ಮನೆಗೆ ಹೋಗುತ್ತಾರೆ. ಒಲೆಗೆ ಎಷ್ಟು ಕಟ್ಟಿಗೆ, ಕೊಟ್ಟಿಗೆಗೆ ಎಷ್ಟು ದರಕು, ತೋಟಕ್ಕೆ ಎಷ್ಟು ಹೊರೆ ಸೊಪ್ಪು, ಉಪ್ಪಾಗೆ ಮುರುಗಲು ಮಾರಿ ಕೈಗೆ ಬಂದದ್ದೆಷ್ಟು ಎಂದು ಕೇಳಿ ಬರೆಯುತ್ತಾರೆ. ಘಟ್ಟದ ಮೇಲಿನ ಹಳ್ಳಿಯಲ್ಲಿ ಜಗಲಿ ಹತ್ತಿದವರಿಗೆ ಮೊದಲು ಆಸರಿಗೆ, ಆಮೇಲೆ ಕವಳದ ಬಟ್ಟಲು, ನಂತರವೇ ಮಾತು. ಪ್ರಶ್ನಾವಳಿಯ ಹಾಳೆಯನ್ನು ಅಲ್ಲಿಯವರೆಗೆ ಚೀಲದಲ್ಲೇ ಇಡುವುದನ್ನು ಅವರು ಎರಡೇ ದಿನದಲ್ಲಿ ಕಲಿಯುತ್ತಾರೆ.

ಒಂದು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುವ ಕೆಲಸ ನಡೆದಿತ್ತು. ಬಾಗಲಕೋಟೆಯ ಹುಡುಗಿ ಸರ್ವೆ ನಕ್ಷೆ ನೋಡಿಕೊಂಡು ಕೆರೆ, ರಸ್ತೆ, ತೋಟ, ಬೆಟ್ಟ ಎಲ್ಲ ಬರೆದಳು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ತಂಗೀ, ಬೆಟ್ಟ ಇದ್ದು, ದಾರಿ ಇಲ್ಲೆ’ ಎಂದರು. ಎದ್ದು ಬಂದು ತಾವೇ ಪುಡಿ ಹಿಡಿದು ಗೆರೆ ಎಳೆದರು. ಸೊಪ್ಪಿಗೆ ಹೋಗುವ ದಾರಿ, ದನ ಹೋಗುವ ದಾರಿ, ಅಪ್ಪೆಮಿಡಿಯ ಮರದ ದಾರಿ. ಸರ್ವೆ ನಕ್ಷೆಯಲ್ಲಿ ಅವು ಯಾವುದೂ ಇರಲಿಲ್ಲ. ‘ಹೌದ್ರಿ ಅಜ್ಜಿ’ ಎಂದು ಹುಡುಗಿ ಅವನ್ನು ಹಾಳೆಗಿಳಿಸಿಕೊಂಡಳು.

ಈ ದಾರಿಗಳ ಹಿಂದೆ ನೂರು ವರ್ಷ ದಾಟಿದ ತಗಾದೆಯಿದೆ. ಅಡಿಕೆ ತೋಟಕ್ಕೆ ಸೊಪ್ಪು ಬೇಕೇ ಬೇಕು. ಬ್ರಿಟಿಷರು ಕಾಡಿಗೆ ಗಡಿ ಹಾಕಿದಾಗ ತೋಟಿಗರ ಹಕ್ಕು ಒಪ್ಪಿ, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ತೋಟವಿಲ್ಲದ ಬಡವರಿಗೆ ಆ ಭಾಗ್ಯವಿರಲಿಲ್ಲ. 1930ರಲ್ಲಿ ಈ ಜಿಲ್ಲೆಯ ಜನ ಅರಣ್ಯ ಸತ್ಯಾಗ್ರಹ ಮಾಡಿದರು. ಸ್ವಾತಂತ್ರ್ಯಾನಂತರ ಹೊಟ್ಟೆಪಾಡಿಗೆ ಕಾಡಿನಂಚಿನಲ್ಲಿ ಗದ್ದೆ ಮಾಡಿಕೊಂಡವರ ಪ್ರಶ್ನೆ ಬೆಳೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ, ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕಾದ್ದರಿಂದ ಸಾವಿರಾರು ಅರ್ಜಿಗಳು ತಿರಸ್ಕೃತವಾದವು. ಒಂದು ಕಡೆ ಕಾನೂನು, ಒಂದು ಕಡೆ ಒಲೆ. ಈ ಎರಡರ ನಡುವೆ ನಿಲ್ಲುವ ಮನುಷ್ಯನ ಹೆಸರೇ ರೇಂಜರ್.

ಹೊರೆ ಕಟ್ಟಿಗೆ ಹೊತ್ತ ಹೆಂಗಸು ರೇಂಜ್ ಕಚೇರಿಯ ಕಿಟಕಿಯಿಂದ ನೋಡಿದರೆ ಒಂದು ಮೊಕದ್ದಮೆ. ಜಗಲಿಯಿಂದ ನೋಡಿದರೆ ಆಕೆ ಪಕ್ಕದ ಮನೆಯವಳು, ರಾತ್ರಿಯ ಅನ್ನಕ್ಕೆ ಬೆಂಕಿ ತರುತ್ತಿದ್ದಾಳೆ. ಎರಡೂ ನಿಜ. ದಿನಾ ಹೊರೆ ಇಳಿದರೆ ಕಾಡು ಬೋಳಾಗುವುದೂ ನಿಜವೇ. ಕೆಲಸ ಸಿಕ್ಕಿ ಖಾಕಿ ತೊಟ್ಟ ಮೇಲೆ ಜಗಲಿ ಹತ್ತಿದರೂ ಜನ ಎದ್ದು ನಿಲ್ಲುತ್ತಾರೆ, ಮಾತು ಬದಲಿಸುತ್ತಾರೆ. ಅಧಿಕಾರವಿಲ್ಲದೆ, ಹೆದರಿಕೆ ಹುಟ್ಟಿಸದೆ, ಕಾಡನ್ನು ಆ ಕಡೆಯಿಂದ ನೋಡುವ ಅವಕಾಶ ಒಬ್ಬ ರೇಂಜರನಿಗೆ ಜೀವನದಲ್ಲಿ ಸಿಗುವುದು ಬಹುಶಃ ಈ ಕೆಲವು ವಾರ ಮಾತ್ರ. ಅದನ್ನು ಅಂಕಪಟ್ಟಿಯ ಒಂದು ಸಾಲೆಂದು ಮುಗಿಸಿಬಿಟ್ಟರೆ ನಷ್ಟ ಅವನೊಬ್ಬನದಲ್ಲ.

ಇಷ್ಟು ಕಲಿತವರೆಲ್ಲ ಕಾಡಿಗೇ ಹೋಗುತ್ತಾರೆಯೇ? ಅಲ್ಲೇ ಇರುವುದು ತೊಡಕು. ವಲಯ ಅರಣ್ಯಾಧಿಕಾರಿಗಳ ನೇರ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಒಂದು ಪಾಲು ಮೀಸಲಿದೆ. ಉಳಿದದ್ದಕ್ಕೆ ಬೇರೆ ಪದವೀಧರರ ಪೈಪೋಟಿ. ಈ ಪಾಲು ಎಷ್ಟಿರಬೇಕೆಂಬ ಜಗಳದಲ್ಲಿ ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ಪಾಠ ಬಿಟ್ಟು ಧರಣಿ ಕೂತದ್ದುಂಟು. ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ಆಯ್ಕೆಯಾದವರಿಗೆ ಧಾರವಾಡದ ಬಳಿ ಗುಂಗರಗಟ್ಟಿಯ ಅರಣ್ಯ ಅಕಾಡೆಮಿಯಲ್ಲಿ ತರಬೇತಿ. ಕೆಲವರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಕಟ್ಟುತ್ತಾರೆ. ಅಲ್ಲಿ ಬರವಣಿಗೆ, ಸಂದರ್ಶನ ದಾಟಿದ ಮೇಲೂ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿ.ಮೀ., ಹೆಂಗಸರು 14 ಕಿ.ಮೀ. ನಡೆದು ತೋರಿಸಬೇಕು. ಉಳಿದವರು ಸಂಶೋಧನೆಗೆ, ಸ್ವಯಂಸೇವಾ ಸಂಸ್ಥೆಗಳಿಗೆ, ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳ ನೆಡುತೋಪುಗಳಿಗೆ ಹೋಗುತ್ತಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತವರೂ ಇದ್ದಾರೆ. ಅಲ್ಲಿ ಅವರಿಗೆ ತೊಗಟೆಯ ವಾಸನೆಯ ಪಾಠ ಬೇಕಾಗುವುದಿಲ್ಲ.

ಸಿಕ್ಕವರಿಗೂ ಹಾದಿ ಸುಲಭದ್ದಲ್ಲ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್ ಕೈಯಲ್ಲಿ ಹತರಾದರು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚು ಆರಿಸಲು ಹೋದ ಗಾರ್ಡೊಬ್ಬರು ಬೆಂಕಿಗೆ ಬಲಿಯಾದರು. 2018ರ ಮಾರ್ಚಿನಲ್ಲಿ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂದನ್ ಅವರನ್ನು ಕಾಡಾನೆ ಕೊಂದಿತು. ಪ್ರತಿ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಇಂಥವರನ್ನು ನೆನೆಯುತ್ತಾರೆ. ಇದೆಲ್ಲ ಗೊತ್ತಿದ್ದೂ, ಅಪ್ಪ ಅಮ್ಮ ‘ಎಂಜಿನಿಯರಿಂಗ್ ಓದು’ ಎಂದರೂ ಕೇಳದೆ, ಮಕ್ಕಳು ಈ ಕಾಲೇಜಿಗೆ ಬರುತ್ತಿದ್ದಾರೆ.

ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿ.ಮೀ. ಬಸ್ಸಿಗೆ ಬರವಿಲ್ಲ. ಮಳೆಗಾಲ ಕಳೆದ ಮೇಲೆ ಬಂದರೆ ಕಾಡಿನ ದಾರಿ ನಡೆಯಲು ಹಿತ, ಕತ್ತಲೆಕಾನಿನ ಜಿಗಣೆಗಳ ಕಾಟವೂ ಕಡಿಮೆ. ಜಡ್ಡಿಯ ಒಳಗೆ ಇಳಿಯಲು ಇಲಾಖೆಯ ಅನುಮತಿ ಬೇಕು, ಬೇರು ತುಳಿಯದಂತೆ ಎಚ್ಚರವೂ ಬೇಕು. ದಾರಿಯಲ್ಲಿ ಟೇಪು ಹಿಡಿದು ಮರ ಅಪ್ಪಿಕೊಂಡವರಂತೆ ಕಾಣುವ ಹುಡುಗ ಹುಡುಗಿಯರು ಸಿಕ್ಕರೆ ಗಾಡಿ ನಿಲ್ಲಿಸಿ, ಆ ಮರದ ಹೆಸರು ಕೇಳಿ. ಹತ್ತು ನಿಮಿಷಕ್ಕೆ ಮೋಸವಿಲ್ಲ. ಅವರು ಸುತ್ತಳತೆ ಬರೆದುಕೊಂಡು ಮುಂದಿನ ಮರಕ್ಕೆ ಹೋಗುತ್ತಾರೆ, ನೀವು ಮುಂದಿನ ಊರಿಗೆ.