ಹಾಡಿನ ಹಿಂದೆ ನಿಂತವರು

ಹಾಡಿನ ತಟ್ಟೆಯ ಮೇಲೆ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಡ್ರಮ್ ಬಾರಿಸಿದವರು, ಗಿಟಾರ್ ಮೀಟಿದವರು ಯಾರೆಂದು ಕೇಳುವವರು ಕಡಿಮೆ.

ಅಮೆರಿಕದ ಅಲಬಾಮಾ ರಾಜ್ಯದ ಜಿಮ್ಮಿ ಜಾನ್ಸನ್, ರೋಜರ್ ಹಾಕಿನ್ಸ್, ಡೇವಿಡ್ ಹುಡ್, ಬ್ಯಾರಿ ಬೆಕೆಟ್ ಅಂಥ ಹಿನ್ನೆಲೆ ವಾದಕರು. ರಿಕ್ ಹಾಲ್ ಅವರ ‘ಫೇಮ್’ ಸ್ಟುಡಿಯೋದಲ್ಲಿ ಅವರಿಗೆ ಕೈತುಂಬ ಕೆಲಸವಿತ್ತು. 1969ರಲ್ಲಿ ಅದನ್ನು ಬಿಟ್ಟು, ಶೆಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ‘ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ’ ತೆರೆದರು. ಹಿಂದೆ ಶವಪೆಟ್ಟಿಗೆಗಳನ್ನು ಇಡುತ್ತಿದ್ದ ಕಟ್ಟಡವದು! ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಸಾಲದ ನೆರವು ನೀಡಿದರು.

ಸಾಹಸ ಫಲಿಸಿತು. ಅದೇ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಬಂದು ಮೂರು ದಿನಗಳಲ್ಲಿ ಮೂರು ಹಾಡು ಮುದ್ರಿಸಿಕೊಂಡಿತು. ಸ್ಟೇಪಲ್ ಸಿಂಗರ್ಸ್ ಎಂಬ ಕರಿಯರ ಕುಟುಂಬ ಇಲ್ಲಿ ಹಾಡಿದ ‘ಐ ವಿಲ್ ಟೇಕ್ ಯೂ ದೇರ್’ 1972ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ಕೇಳಿದ ಪಾಲ್ ಸೈಮನ್, ನುಡಿಸಿದವರೂ ಕರಿಯರೆಂದೇ ಎಣಿಸಿದ್ದರಂತೆ. ಹುಡುಕಿಕೊಂಡು ಬಂದರೆ ಎದುರಿಗಿದ್ದವರು ಬಿಳಿಯರು! ವರ್ಣಭೇದಕ್ಕೆ ಹೆಸರಾದ ನಾಡಿನಲ್ಲಿ, ಮೈಬಣ್ಣದ ಗೋಡೆಯನ್ನು ನಾದ ಸದ್ದಿಲ್ಲದೆ ದಾಟಿತ್ತು.

1978ರಲ್ಲಿ ಸ್ಟುಡಿಯೋ ದೊಡ್ಡ ಕಟ್ಟಡಕ್ಕೆ ಹೋಯಿತು, 1985ರಲ್ಲಿ ಮಾರಾಟವಾಯಿತು. ಹಳೆಯ ಕಟ್ಟಡ ಜೀರ್ಣೋದ್ಧಾರಗೊಂಡು 2017ರಲ್ಲಿ ಮತ್ತೆ ಬಾಗಿಲು ತೆರೆಯಿತು. ಬೆಕೆಟ್ 2009ರಲ್ಲಿ, ಜಾನ್ಸನ್ 2019ರಲ್ಲಿ, ಹಾಕಿನ್ಸ್ 2021ರಲ್ಲಿ ತೀರಿಕೊಂಡರು.

ಮಕ್ಕಳು ‘ನಮ್ಮ ದಾರಿ ನಮಗೆ’ ಎಂದಾಗ ಹೆತ್ತವರ ಎದೆ ಹಾರುವುದು ಸಹಜ. ಈ ನಾಲ್ವರೂ ನೌಕರಿ ಬಿಟ್ಟವರೇ. ಆದರೆ ಬಿಟ್ಟದ್ದು ಕೈ ಪಳಗಿದ ಮೇಲೆ, ಜೊತೆಗಾರರನ್ನು ಗಳಿಸಿಕೊಂಡ ಮೇಲೆ. ಮುಂದಿನ ಸಾಲಿನಲ್ಲಿ ನಿಲ್ಲುವ ಹಂಬಲವೂ ಅವರಿಗಿರಲಿಲ್ಲ. ಹಾಡು ಚೆನ್ನಾಗಿ ಬಂದರೆ ಸಾಕಿತ್ತು.