ಒದ್ದೆಯಾದ ಕಾಗದ

ಹತ್ತು ಹನ್ನೆರಡು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಅಕ್ಷಾಂಶ ರೇಖಾಂಶಗಳ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಇದನ್ನು ಕಲಿತು ಏನು ಮಾಡೋದು ಸಾರ್?" ಎಂದು ಕೇಳಿದ್ದ. "ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೆ, ಕೂತ್ಕೊ" ಎಂದು ಬಾಯಿ ಮುಚ್ಚಿಸಿದ್ದೆ. ಅವನಿಗೆ ಹೇಳಬೇಕಾಗಿದ್ದ ಉತ್ತರ ನನಗೆ ದೊರೆತದ್ದು ನಿವೃತ್ತಿಯ ಮರುವರ್ಷ, 2019ರಲ್ಲಿ, ಅಮೆರಿಕದ ಆರೆಗನ್ ರಾಜ್ಯದಲ್ಲಿ. ಅದರ ಜೊತೆಗೆ ಇನ್ನೊಂದು ಪಾಠವೂ ದೊರೆಯಿತು. ಅದು ನನಗೇ ಆದ ಪಾಠ.

ಮಗಳು ಅಳಿಯಂದಿರು ಪೋರ್ಟ್‌ಲೆಂಡ್ ನಗರದ ಹತ್ತಿರ ವಾಸವಾಗಿದ್ದಾರೆ. ನಾನು ಅಲ್ಲಿಗೆ ಹೋದ ಮೊದಲ ಶನಿವಾರವೇ ಒಂಬತ್ತು ವರ್ಷದ ಮೊಮ್ಮಗ, "ತಾತ, ಕ್ಯಾಷ್ ಹುಡುಕೋಕೆ ಹೋಗೋಣ ಬನ್ನಿ" ಎಂದು ಕೈ ಹಿಡಿದೆಳೆದ. ಈ ದೇಶದಲ್ಲಿ ನಗದು ಹಣ ಪೊದೆಗಳಲ್ಲಿ ಬಿದ್ದಿರುತ್ತದೆಯೇ ಎಂದು ನಾನು ಬೆರಗಾದೆ. ಆಮೇಲೆ ತಿಳಿಯಿತು, ಅದು ಬಚ್ಚಿಟ್ಟ ವಸ್ತು ಎಂಬರ್ಥದ ಬೇರೆಯೇ ಪದ. ಆಟದ ಹೆಸರು ಜಿಯೋಕ್ಯಾಷಿಂಗ್.

ಈ ಆಟದ ಹುಟ್ಟು ಸ್ವಾರಸ್ಯವಾಗಿದೆ. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸಾಮಾನ್ಯ ಜನರು ಬಳಸುವಾಗ ಸುಮಾರು ನೂರು ಮೀಟರಿನಷ್ಟು ತಪ್ಪು ಬರುವಂತೆ ಅಮೆರಿಕ ಸರ್ಕಾರ ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆ ನಡುರಾತ್ರಿಯಿಂದ ಸಣ್ಣ ಯಂತ್ರಗಳೂ ಸ್ಥಳವನ್ನು ಹತ್ತಿಪ್ಪತ್ತು ಮೀಟರಿನೊಳಗೆ ತೋರಿಸತೊಡಗಿದವು. ಎರಡೇ ದಿನಗಳಲ್ಲಿ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಇದೇ ಆರೆಗನ್ನಿನ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ಟಿನೊಳಗೆ ಪುಸ್ತಕ, ಕವಣೆ, ಹುರುಳಿಕಾಯಿ ಬೀಜದ ಡಬ್ಬಿ ಮುಂತಾದುವನ್ನಿಟ್ಟು, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಸಿಕ್ಕಿದವರು ಒಂದನ್ನು ತೆಗೆದುಕೊಂಡು ಒಂದನ್ನು ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಷ್ಟೇ ಆಟ. ಈಗ ಜಗತ್ತಿನಾದ್ಯಂತ ಮೂವತ್ತು ಲಕ್ಷದಷ್ಟು ಡಬ್ಬಿಗಳು ಹೀಗೆ ಅಡಗಿ ಕುಳಿತಿವೆಯಂತೆ.

ಆಟ ಬೆಳೆದಂತೆ ಜಗಳವೂ ಬೆಳೆಯಿತು. ಮೊದಲ ಜಗಳವೇ ಹೆಸರಿನದು. ಆರಂಭದಲ್ಲಿ ಬಳಸುತ್ತಿದ್ದ ‘ಸ್ಟ್ಯಾಷ್’ ಎಂಬ ಪದಕ್ಕೆ ಮಾದಕವಸ್ತುಗಳ ವಾಸನೆ ಇದೆಯೆಂದು ಆಕ್ಷೇಪ ಬಂದು, ತಿಂಗಳು ತುಂಬುವುದರೊಳಗೆ ಈಗಿನ ಹೆಸರು ಹುಟ್ಟಿತು. ಡಬ್ಬಿಯೇ ಇಲ್ಲದೆ ಸ್ಥಳವನ್ನಷ್ಟೇ ನೋಡಿ ಬರುವ ಬಗೆಯೊಂದಿತ್ತು. ಅದು ಆಟವೇ ಅಲ್ಲವೆಂದು ಕೆಲವರು, ಅದೇ ಚೆನ್ನೆಂದು ಕೆಲವರು ವಾದಿಸಿದರು. 2005ರಲ್ಲಿ ಹೊಸದಾಗಿ ಸೇರಿಸುವುದನ್ನು ನಿಲ್ಲಿಸಿದರು, 2017ರಲ್ಲಿ ಮಿತಿಯೊಳಗೆ ಮರಳಿ ತಂದರು. ನೆವಾಡದ ಮರುಭೂಮಿಯ ಹೆದ್ದಾರಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಸಾಲಾಗಿ ಇಟ್ಟಾಗ, ಇದು ಆಟವೋ ಲೆಕ್ಕ ಹೆಚ್ಚಿಸಿಕೊಳ್ಳುವ ಹುಚ್ಚೋ ಎಂಬ ವಾದ ಎದ್ದಿತು. ಹವ್ಯಾಸವೆಂದರೆ ವಿರಾಮದ ವಿಷಯ ಎಂದು ನಾವು ಭಾವಿಸುತ್ತೇವೆ. ಆದರೆ ಮನುಷ್ಯ ತಾನು ಪ್ರೀತಿಸುವ ವಿಷಯದಲ್ಲೇ ಹೆಚ್ಚು ಜಗಳವಾಡುತ್ತಾನೆ. ನಮ್ಮೂರಿನ ಭಜನಾ ಮಂಡಲಿ ಎರಡು ಹೋಳಾದದ್ದು ಯಾವ ರಾಗದಲ್ಲಿ ಮಂಗಳ ಹಾಡಬೇಕೆಂಬ ಪ್ರಶ್ನೆಯಲ್ಲಲ್ಲವೆ?

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ. ನಾನು ಹೋದ ಏಪ್ರಿಲ್ ತಿಂಗಳಲ್ಲಿ ಅಳಿಯಂದಿರೂ ಮೊಮ್ಮಗನೂ ಸೇರಿ ತಮ್ಮ ಮೊದಲ ಡಬ್ಬಿಯನ್ನು ಸಮೀಪದ ಉದ್ಯಾನದ ದೇವದಾರು ಮರವೊಂದರ ಬುಡದಲ್ಲಿ ಅಡಗಿಸಿಟ್ಟರು. ನಾನು ಒಯ್ದಿದ್ದ ಚನ್ನಪಟ್ಟಣದ ಪುಟ್ಟ ಬುಗುರಿಯನ್ನು ಮೊಮ್ಮಗ ಅದರೊಳಗೆ ಇಟ್ಟ. ಅದನ್ನು ಯಾರು ಕೊಂಡೊಯ್ಯುವರೋ ಎಂದು ದಿನವೂ ಕಾದ.

ಆರು ವಾರಗಳ ನಂತರ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಅದನ್ನು ಹುಡುಕಿ ಹೀಗೆ ದಾಖಲಿಸಿದರು: ಡಬ್ಬಿ ಸೋರುತ್ತಿದೆ, ಕಾಗದ ಮುದ್ದೆಯಾಗಿದೆ, ಇಟ್ಟವರು ಈ ಕಡೆ ತಲೆಹಾಕಿದಂತೆ ಕಾಣುವುದಿಲ್ಲ, ಪಕ್ಕದಲ್ಲಿ ನನ್ನದೇ ಬೇರೆ ಡಬ್ಬಿ ಇಟ್ಟಿದ್ದೇನೆ.

ಅಳಿಯಂದಿರಿಗೆ ತಡೆಯಲಾರದಷ್ಟು ಕೋಪ ಬಂತು. ಡಬ್ಬಿಯ ಹೊಣೆ ಇಟ್ಟವರದು, ಅವರ ಅನುಮತಿಯಿಲ್ಲದೆ ಇನ್ನೊಬ್ಬರು ಹೊಸದನ್ನು ಇಡುವುದು ಸಲ್ಲದು ಎಂಬುದು ಆಟದ ಮಾರ್ಗದರ್ಶಿಯ ಮಾತು. "ಮಾವ, ನಿಮ್ಮ ಇಂಗ್ಲಿಷ್ ಖಡಕ್ಕಾಗಿದೆ. ಒಂದು ಉತ್ತರ ಬರೆದುಕೊಡಿ" ಎಂದರು. ಮೂರು ದಶಕ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಇದು, ಕೇಳಬೇಕೆ? ನಿಯಮಗಳನ್ನೆಲ್ಲ ಓದಿ, ಸಂಖ್ಯೆ ಹಾಕಿ, ಹನ್ನೊಂದು ಅಂಶಗಳ ಉತ್ತರವನ್ನು ಸಿದ್ಧಪಡಿಸಿದೆ. ಒಂಬತ್ತನೆಯ ಅಂಶದಲ್ಲಿ, ವಯಸ್ಸಿಗೆ ತಕ್ಕ ವಿವೇಕ ಇರಬೇಕಿತ್ತು ಎಂದೂ ಸೇರಿಸಿದೆ. ಬರೆದು ಮುಗಿಸಿದಾಗ ಆದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ತಂಡದವರು ತಿಂಗಳಿಗೊಮ್ಮೆ ಒಂದು ಕಾಫಿ ಅಂಗಡಿಯಲ್ಲಿ ಕೂಡುತ್ತಿದ್ದರು. ಅಳಿಯಂದಿರು ಆ ಉತ್ತರವನ್ನು ಅಲ್ಲಿ ಎಲ್ಲರೆದುರು ಓದಿದರು. ಕೆಲವರು ಇವರ ಪರ, ಕೆಲವರು ಅವರ ಪರ ಮಾತನಾಡಿದರು. ಹಳೆಯ ಜಗಳಗಳೂ ಒಂದೊಂದಾಗಿ ಮೇಲೆದ್ದವು. ಒಂಬತ್ತನೆಯ ಅಂಶ ಬಂದಾಗ ಆ ಹಿರಿಯರು ಏನೂ ಹೇಳದೆ ಟೋಪಿ ತೆಗೆದುಕೊಂಡು ಎದ್ದು ಹೋದರು. ನಾವು ಗೆದ್ದೆವು ಎಂದುಕೊಂಡೆ.

ಕಾರಿನಲ್ಲಿ ಮೊಮ್ಮಗ ಮಾತಾಡಲಿಲ್ಲ. ಮುಂದಿನ ಶನಿವಾರ ಕರೆದರೆ ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ಕಡೆಗೆ ಅವನ ತಾಯಿಯ ಬಳಿ ಹೇಳಿದನಂತೆ: ಕಲ್ಲಿನ ಗುಡ್ಡೆಯಲ್ಲಿ ಯಾವ ಕಲ್ಲು ತಾನಾಗಿ ಬಿದ್ದದ್ದು, ಯಾವುದು ಮನುಷ್ಯನ ಕೈ ಇಟ್ಟದ್ದು ಎಂದು ನೋಡುವುದನ್ನು ತನಗೆ ಕಲಿಸಿದವರು ಅದೇ ಹಿರಿಯರು. "ತಾತ ಅವರನ್ನು ಯಾಕೆ ಬೈದರು?"

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬೆಳಗಿನ ಜಾವದಲ್ಲಿ ಒಂದು ವಿಷಯ ಹೊಳೆದು ಎದ್ದು ಕುಳಿತೆ. ಹನ್ನೊಂದು ಅಂಶ ಬರೆದ ನಾನಾಗಲಿ, ಅದನ್ನು ಓದಿದ ಅಳಿಯಂದಿರಾಗಲಿ, ಉದ್ಯಾನಕ್ಕೆ ಹೋಗಿ ಆ ಡಬ್ಬಿಯನ್ನು ನೋಡಿಯೇ ಇರಲಿಲ್ಲ! ಉತ್ತರಪತ್ರಿಕೆಯನ್ನು ಬಿಡಿಸದೆ ಅಂಕ ಹಾಕಿದ್ದೆ. ಯಾವ ಸಹೋದ್ಯೋಗಿ ಹಾಗೆ ಮಾಡಿದ್ದರೂ ನಾನು ಕ್ಷಮಿಸುತ್ತಿರಲಿಲ್ಲ.

ಬೆಳಗ್ಗೆ ಮೊಮ್ಮಗನನ್ನು ಒಪ್ಪಿಸಿ ಇಬ್ಬರೇ ನಡೆದುಹೋದೆವು. ಮರದ ಬುಡದಲ್ಲಿ ನಮ್ಮ ಡಬ್ಬಿ ಇತ್ತು. ಮುಚ್ಚಳದ ಮೂಲೆ ಸೀಳಿತ್ತು. ಆರೆಗನ್ನಿನ ವಸಂತಕಾಲದ ಮಳೆ ಬಿಡುವುದೇ? ಒಳಗಿನ ಕಾಗದ ಅಂಬಲಿಯಾಗಿತ್ತು. ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪಕ್ಕದಲ್ಲಿ ಅವರ ಡಬ್ಬಿ ಇತ್ತು. ಗಟ್ಟಿ ಮುಚ್ಚಳ, ಒಳಗೆ ಒಣಗಿದ ಹೊಸ ಕಾಗದ. ಅದರ ಕೆಳಗೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಬಟ್ಟೆಯ ತುಂಡಿನಲ್ಲಿ ಸುತ್ತಿದ ನಮ್ಮ ಬುಗುರಿ. ತಾವು ಒಯ್ಯಬಹುದಾಗಿದ್ದುದನ್ನು ಒಯ್ಯದೆ, ಒರೆಸಿ, ನೆನೆಯದಂತೆ ಕಟ್ಟಿಟ್ಟಿದ್ದರು. ಮೊಮ್ಮಗ ನನ್ನ ಮುಖವನ್ನೇ ನೋಡಿದ. "ನಾನು ತಪ್ಪು ಮಾಡಿದೆ ಕಂದ" ಎಂದೆ. ಶಾಲೆಯಲ್ಲಿ ಎಂದೂ ಸಲೀಸಾಗಿ ಬಾಯಿಗೆ ಬಾರದಿದ್ದ ಮಾತು ಅದು.

ಮನೆಗೆ ಬಂದು ಎರಡೇ ಸಾಲಿನ ಪತ್ರ ಬರೆದೆ. ಡಬ್ಬಿಯ ವಿಷಯದಲ್ಲಿ ತಾವು ಹೇಳಿದ್ದು ನಿಜ. ನೋಡದೆ ಬರೆದದ್ದಕ್ಕೂ ವಯಸ್ಸಿನ ಮಾತೆತ್ತಿದ್ದಕ್ಕೂ ಕ್ಷಮೆ ಕೋರುತ್ತೇನೆ. ‘ಆದರೆ’ ಎಂಬ ಪದವನ್ನು ಬರೆದು, ಹೊಡೆದುಹಾಕಿದೆ. ಅಳಿಯಂದಿರು ಮೊದಲು ಒಪ್ಪಲಿಲ್ಲ, "ನಿಯಮ ನಿಯಮವೇ ಅಲ್ವಾ ಮಾವ?" ಎಂದರು. ನಿಜ. ಅವರು ಕೇಳದೆ ಡಬ್ಬಿ ಇಟ್ಟದ್ದು ತಪ್ಪೇ. ಆದರೆ ಅವರ ತಪ್ಪನ್ನು ಅವರು ನೋಡಿಕೊಳ್ಳಲಿ, ನಮ್ಮ ತಪ್ಪಿಗೆ ಉತ್ತರ ಕೊಡಬೇಕಾದವರು ನಾವು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರದ ಕೆಳಗೆ ತಮ್ಮ ಹೆಸರನ್ನೂ ಸೇರಿಸಿದರು.

ಉತ್ತರ ಬರಲಿಲ್ಲ. ಎರಡು ವಾರಗಳ ಬಳಿಕ ತಂಡದವರು ಹೊಳೆಯ ದಂಡೆಯ ಕಸ ಆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಡಬ್ಬಿ ಹುಡುಕಲು ಹೋದವರು ದಾರಿಯ ಕಸವನ್ನು ಹೊತ್ತು ತರುವ ಈ ಒಳ್ಳೆಯ ರೂಢಿ ಈ ಆಟದಲ್ಲಿ 2002ರಿಂದಲೂ ಇದೆ. ಅಲ್ಲಿ ಆ ಹಿರಿಯರೂ ಬಂದಿದ್ದರು. ನಾನು ಹತ್ತಿರ ಹೋದೆ. ಅವರು ಪತ್ರದ ಮಾತೆತ್ತಲಿಲ್ಲ. ಚೀಲದ ಒಂದು ತುದಿಯನ್ನು ನನ್ನ ಕಡೆಗೆ ಚಾಚಿ, "ಹಿಡಿದುಕೊಳ್ಳಿ, ಭಾರವಿದೆ" ಎಂದರು. ಇಬ್ಬರೂ ಅದನ್ನು ಹೊತ್ತು ದಂಡೆ ಹತ್ತಿದೆವು. ಮೊಮ್ಮಗ ಹಿಂದೆ ಹಿಂದೆಯೇ ಬಂದು ಬುಗುರಿ ಆಡಿಸಿ ತೋರಿಸಿದ. ಮರುವಾರ ಅವರು ತಮ್ಮ ಡಬ್ಬಿಯನ್ನು ತಾವೇ ತೆಗೆದರು, ಅಳಿಯಂದಿರು ಅದೇ ಬಗೆಯ ಗಟ್ಟಿ ಡಬ್ಬಿಯೊಂದನ್ನು ತಂದಿಟ್ಟರು.

ಕೇಳದೆ ಡಬ್ಬಿ ಇಡಬಹುದೇ ಎಂಬ ಪ್ರಶ್ನೆಯಲ್ಲಿ ಅವರಿಬ್ಬರೂ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ವಾದ ಮುಗಿದಿಲ್ಲ, ಹಗೆ ಮುಗಿದಿದೆ. ಇಷ್ಟಾದರೆ ಸಾಕೆಂದು ನನಗೆ ತೋರುತ್ತದೆ.

ನನ್ನ ವಿದ್ಯಾರ್ಥಿಗಳಾಗಿದ್ದ ನಿಮ್ಮಲ್ಲಿ ಕೆಲವರಿಗೆ, ವಿಷಯವನ್ನು ಪೂರ್ತಿ ವಿಚಾರಿಸದೆ ನಾನು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳ ನೆನಪಿರಬಹುದು. ಆಗ ನಾನು ಹೋಗಿ ನೋಡಲಿಲ್ಲ. ಇಷ್ಟು ತಡವಾಗಿಯಾದರೂ, ಆ ಎರಡು ಸಾಲಿನ ಪತ್ರ ನಿಮಗೂ ಸೇರಿದ್ದೆಂದು ತಿಳಿಯಿರಿ.