ಬೀಗ ಹಾಕಿದ ಗಣಕಯಂತ್ರ

ನನ್ನ ಶಿಷ್ಯನೊಬ್ಬ ಹಳೆಯ ಗಣಕಯಂತ್ರಗಳನ್ನು ಮನೆಯ ಕೋಣೆಯೊಂದರಲ್ಲಿ ಕೂಡಿಟ್ಟಿದ್ದಾನೆ. ಕಳೆದ ತಿಂಗಳು ಕರೆದೊಯ್ದು ತೋರಿಸಿದ. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದುವ, ರಬ್ಬರ್ ಗುಂಡಿಗಳ ಸ್ಪೆಕ್ಟ್ರಂ. ಅದರ ಪಕ್ಕದಲ್ಲೇ ಬಿಬಿಸಿ ಮೈಕ್ರೋ! 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ನಮ್ಮ ಶಾಲೆಗೂ ಬಂದಿದ್ದ ಯಂತ್ರವದು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೆಮೊರಿ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಚಿತ್ರಕ್ಕೂ ಸಾಲದು.

ಆದರೂ ಕೆಟ್ಟೀತೆಂಬ ಭಯದಿಂದ ಅದನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದವನು ನಾನೇ. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳನ್ನು ಗದರಿಸಿ ಅಟ್ಟಿದ್ದೂ ಉಂಟು. ಇವನೂ ಅವರಲ್ಲೊಬ್ಬನಂತೆ, ನನಗೆ ನೆನಪಿಲ್ಲ.

ಸ್ವಿಚ್ ಹಾಕಿದ. ಅದೇ ಎರಡು ಸ್ವರದ ಸದ್ದು.

"ಮುಟ್ಟಿ ಸಾರ್, ಏನೂ ಆಗುವುದಿಲ್ಲ" ಎಂದ.

ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ.